ತೂಗಾಡುವ ಲೋಲಕ ಬಿಟ್ಟ ಎತ್ತರಕ್ಕಿಂತ ಮೇಲೆ ಯಾಕೆ ಹೋಗಲ್ಲ? ಕೊನೆಗೆ ನಿಂತಾಗ ಅದರ ಶಕ್ತಿ ಎಲ್ಲಿಗೆ ಹೋಗುತ್ತೆ?

ಸಕಲೇಶಪುರದ ಹತ್ತಿರ ನಮ್ಮ ಹಳೇ ಮನೆಯಲ್ಲಿ ಅಟ್ಟದ ತೊಲೆಗೆ ಹಗ್ಗ ಕಟ್ಟಿ, ಸುಲಿದ ತೆಂಗಿನಕಾಯಿ ನೇತುಹಾಕಿ ಮಕ್ಕಳಿಗೆ ಇದನ್ನೇ ತೋರಿಸುತ್ತೇನೆ. ಕಾಯಿಯನ್ನು ಮೂಗಿಗೆ ತಾಗಿಸಿ ಹಿಡಿದು, ತಳ್ಳದೆ ಸುಮ್ನೆ ಬಿಡಬೇಕು. ಅದು ಆಚೆ ಹೋಗಿ ವಾಪಸ್ ಬರುತ್ತದೆ, ಮೂಗಿನ ಮುಂದೆ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲುತ್ತದೆ. ತಲೆ ಮಾತ್ರ ಅಲ್ಲಾಡಬಾರದು! ಮೊದಲ ಸಲ ಎಲ್ಲರೂ ಕಣ್ಣು ಮುಚ್ಚುತ್ತಾರೆ.

ಲೆಕ್ಕ ಸುಲಭ. ಅರ್ಧ ಕೆಜಿ ಕಾಯಿಯನ್ನು ತಳಮಟ್ಟದಿಂದ 20 ಸೆಂ.ಮೀ. ಮೇಲೆತ್ತಿದರೆ ಅದರಲ್ಲಿ ಸುಮಾರು 1 ಜೂಲ್ ಶಕ್ತಿ ಕೂಡಿಕೊಳ್ಳುತ್ತದೆ. ಕೆಳಗೆ ಬರುವಾಗ ಆ ಶಕ್ತಿಯೇ ವೇಗವಾಗುತ್ತದೆ, ತಳದಲ್ಲಿ ಸೆಕೆಂಡಿಗೆ ಸುಮಾರು 2 ಮೀಟರ್. ಆಚೆ ಏರುವಾಗ ಆ ವೇಗ ಮತ್ತೆ ಎತ್ತರವಾಗುತ್ತದೆ. ಇರುವುದೇ 1 ಜೂಲ್, ಜಾಸ್ತಿ ಮೇಲೇರೋಕೆ ಎಲ್ಲಿಂದ ತರೋದು? ಕಾಯಿ 1 ಕೆಜಿ ಇದ್ದರೂ ವೇಗ ಅಷ್ಟೇ, ಶಕ್ತಿ ಮಾತ್ರ ಎರಡು ಪಟ್ಟು.

ಹಗ್ಗ ಎಳೆಯುತ್ತಲ್ವಾ ಅನ್ನಬಹುದು. ಎಳೆಯುತ್ತದೆ, ಆದರೆ ಕಾಯಿ ಸಾಗುವ ದಿಕ್ಕಿಗೆ ಯಾವಾಗಲೂ ಲಂಬಕೋನದಲ್ಲಿ. ಹಾಗಾಗಿ ಅದು ಶಕ್ತಿ ಕೊಡುವುದೂ ಇಲ್ಲ, ಕೀಳುವುದೂ ಇಲ್ಲ. ನನಗೆ ಇಷ್ಟವಾದದ್ದು ಗೆಲಿಲಿಯೋ 1638ರಲ್ಲಿ ಬರೆದ ಪ್ರಯೋಗ: ದಾರಕ್ಕೆ ನಡುವೆ ಒಂದು ಮೊಳೆ ಅಡ್ಡ ಬಂದರೂ ಗುಂಡು ಹೆಚ್ಚುಕಡಿಮೆ ಅದೇ ಎತ್ತರಕ್ಕೇ ಏರುತ್ತದೆ.

ಇನ್ನು ಅದು ನಿಲ್ಲುವುದು. ಗಾಳಿಯನ್ನು ಸರಿಸುತ್ತಾ, ತೊಲೆಯ ಗಂಟಿನಲ್ಲಿ ಉಜ್ಜುತ್ತಾ ಆ 1 ಜೂಲ್ ಚೂರುಚೂರೇ ಶಾಖವಾಗುತ್ತದೆ. ಗಂಟು ಮುಟ್ಟಿ ನೋಡಿದರೆ ಬಿಸಿ ಗೊತ್ತಾಗಲ್ಲ, ಅಷ್ಟು ಕಡಿಮೆ ಅದು.