ಕಾಮಾಲೆಗೆ ನೆಲನೆಲ್ಲಿ ಕೊಡಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮದ್ದೂರಿನ ಹತ್ತಿರ ಒಂದು ಹಳ್ಳಿ. 24 ವರ್ಷದ ಮಗನಿಗೆ ಕಾಮಾಲೆ ಆಗಿದೆ. ಕಣ್ಣು, ಮೂತ್ರ ಎರಡೂ ಹಳದಿ, ಊಟ ಸೇರುತ್ತಿಲ್ಲ. ನಮ್ಮತ್ತೆ ಕಬ್ಬಿನ ಗದ್ದೆ ಬದುವಿನಿಂದ ನೆಲನೆಲ್ಲಿ ಕಿತ್ತು ತಂದಿದ್ದಾರೆ. ಮಜ್ಜಿಗೆಯಲ್ಲಿ ಕೊಟ್ಟರೆ ಸಾಕು, ಆಸ್ಪತ್ರೆ ಬೇಡ ಅಂತಾರೆ. ಕೊಡಬಹುದಾ?

ಆಯುರ್ವೇದ ವೈದ್ಯರ ಉತ್ತರ: ಮೊದಲು ರಕ್ತಪರೀಕ್ಷೆ ಮಾಡಿಸಿ ತಾಯಿ. ನೆಲನೆಲ್ಲಿ ಆಮೇಲೆ.

ಕಣ್ಣು ಹಳದಿಯಾಗುವುದಕ್ಕೆ ಕಾರಣ ಒಂದೇ ಅಲ್ಲ. ಕೆಟ್ಟ ನೀರಿನಿಂದ ಹೆಪಟೈಟಿಸ್ ಎ ಅಥವಾ ಇ ಎಂಬ ಯಕೃತ್ತಿನ (ಲಿವರ್) ಸೋಂಕು ಬಂದಿರಬಹುದು. ಪಿತ್ತನಾಳಕ್ಕೆ ಕಲ್ಲು ಸಿಕ್ಕಿಕೊಂಡಿರಬಹುದು. ಗದ್ದೆ ಕೆಸರಿನಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರದಿಂದಲೂ ಕಾಮಾಲೆ ಬರುತ್ತದೆ. ಅದಕ್ಕೆ ಆ್ಯಂಟಿಬಯೋಟಿಕ್ ಬೇಕೇ ಬೇಕು, ತಡವಾದರೆ ಕಿಡ್ನಿಗೆ ಪೆಟ್ಟು. ಕಲ್ಲನ್ನು ಯಾವ ಸೊಪ್ಪೂ ಕರಗಿಸುವುದಿಲ್ಲ.

ಹೆಪಟೈಟಿಸ್ ಎ ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆ ಹೊತ್ತಿನಲ್ಲಿ ಏನು ಕೊಟ್ಟಿದ್ದರೂ ಅದಕ್ಕೇ ಹೆಸರು ಬರುತ್ತದೆ, ಅಲ್ವಾ? ಹಾಗಂತ ನೆಲನೆಲ್ಲಿಯನ್ನು ನಾನು ತಳ್ಳಿಹಾಕುವುದಿಲ್ಲ. ಆಯುರ್ವೇದದಲ್ಲಿ ಇದು ಭೂಮ್ಯಾಮಲಕಿ, ಯಕೃತ್ತಿನ ತೊಂದರೆಗೆ ಹಳೆಯ ಮದ್ದು. 1988ರಲ್ಲಿ ಮದ್ರಾಸಿನ ಸಂಶೋಧಕರು ಇದರಿಂದ ಹೆಪಟೈಟಿಸ್ ಬಿ ವೈರಸ್ ಹೋಗುತ್ತದೆ ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಅಷ್ಟು ಫಲ ಕಾಣಲಿಲ್ಲ. ಹಾಗಾಗಿ ಇದನ್ನು ಚಿಕಿತ್ಸೆಯ ಜೊತೆಗೆ ಕೊಡಬಹುದು, ಚಿಕಿತ್ಸೆಯ ಬದಲಿಗೆ ಅಲ್ಲ.

ಅತ್ತೆ ತಂದ ಗಿಡವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಎಲೆ ಹುಣಸೆ ಎಲೆಯ ಹಾಗೆ ಸಾಲಾಗಿರುತ್ತದೆ. ಕಡ್ಡಿಯನ್ನು ಮಗುಚಿದರೆ ಅಡಿಯಲ್ಲಿ ಪುಟ್ಟ ತೊಟ್ಟಿನ ಹಸಿರು ಕಾಯಿಗಳು ಮಣಿ ಪೋಣಿಸಿದಂತೆ ಕಾಣುತ್ತವೆ. ಕತ್ತಲಾದರೆ ಎಲೆ ಮಡಚಿಕೊಳ್ಳುತ್ತದೆ. ಕಾಂಡ ಕೆಂಪಗಿದ್ದು, ಕಾಯಿ ತೊಟ್ಟಿಲ್ಲದೆ ಒರಟಾಗಿದ್ದರೆ ಅದು ಇದರ ದಾಯಾದಿ ಗಿಡ. ಮುರಿದಾಗ ಹಾಲು ಬಂದರೆ ಅದು ನೆಲನೆಲ್ಲಿಯೇ ಅಲ್ಲ, ಎಸೆಯಿರಿ.

ನನಗೆ ಜಾಸ್ತಿ ಭಯ ಇರುವುದು ಆ ಬದುವಿನ ಬಗ್ಗೆ. ಕಬ್ಬಿಗೆ ಕಳೆನಾಶಕ ಹೊಡೆಯುವುದು ಈಗ ಎಲ್ಲ ಕಡೆ ಮಾಮೂಲು. ನೀವು ಹೊಡೆಯದಿದ್ದರೂ ಪಕ್ಕದ ಗದ್ದೆಯಿಂದ ಗಾಳಿಗೆ ತೂರಿ ಬರುತ್ತದೆ. ಸೋತ ಯಕೃತ್ತಿಗೆ ಆ ವಿಷ ಬೇಡ. ಹಿತ್ತಿಲಲ್ಲಿ, ಔಷಧಿ ಸೋಕದ ಕಡೆ ಬೆಳೆದದ್ದನ್ನೇ ಬೇರು ಸಮೇತ ಕಿತ್ತು, ಚೆನ್ನಾಗಿ ತೊಳೆಯಿರಿ.

ದೊಡ್ಡವರಿಗೆ ರಸ 10ರಿಂದ 20 ಮಿಲಿ, ಮಜ್ಜಿಗೆಯಲ್ಲಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ. ಚಿಕಿತ್ಸೆ ಕೊಡುವ ವೈದ್ಯರಿಗೆ ಹೇಳಿಯೇ ಕೊಡಿ. ಬಸುರಿಯರಿಗೆ ಬೇಡ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಕೇಳದೆ ಕುಡಿಯಬಾರದು. ಮೂಗಿಗೆ ರಸ ಬಿಡುವುದು, ಕೈಗೆ ಬರೆ ಹಾಕುವುದು ಖಂಡಿತ ಬೇಡ. ಪಥ್ಯ ಅಂತ ಉಪ್ಪಿಲ್ಲದ ಗಂಜಿಯಲ್ಲೇ ಹುಡುಗನನ್ನು ಸೊರಗಿಸಬೇಡಿ. ಅನ್ನ, ಬೇಳೆ, ಮಜ್ಜಿಗೆ, ಎಳನೀರು, ಸೇರಿದಷ್ಟು ಕೊಡಿ.

ಇವತ್ತೇ ಮದ್ದೂರಿನ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಗ ಮಂಕಾಗಿ ನಿದ್ದೆಗೆ ಜಾರುತ್ತಿದ್ದರೆ, ಮಾತು ತೊದಲಿದರೆ, ಮೂಗು ಅಥವಾ ವಸಡಿನಲ್ಲಿ ರಕ್ತ ಬಂದರೆ, ವಾಂತಿ ನಿಲ್ಲದಿದ್ದರೆ ಒಂದು ಗಂಟೆಯೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ.