ಪ್ರತಿಕ್ರಿಯೆ: ಕಡಿಮೆ ದುಡ್ಡಿನಲ್ಲಿ ಬೆಳೆಗಾರರ ಸಮ್ಮೇಳನ

ಮಡಿಕೇರಿಯಲ್ಲಿ ಜನವರಿ ಕೊನೆಗೆ ಕಾಫಿ ಬೆಳೆಗಾರರ ಸಮ್ಮೇಳನ ಇಟ್ಟುಕೊಂಡಿದ್ದೀರಿ, ಹೋದ ಸಲ ಅರ್ಧ ಕುರ್ಚಿ ಖಾಲಿ, ಈ ಸಲ ದುಡ್ಡೂ ಕಡಿಮೆ, ಹೇಗೆ ಮಾಡೋದು ಅಂತ ಕೇಳಿದ್ದೀರಿ. ಮೊದಲು ತಾರೀಖು ಬದಲಿಸಿ. ಜನವರಿಯಲ್ಲಿ ರೋಬಸ್ಟಾ ಕಾಫಿ ಕೊಯ್ಲು. ಕೆಲಸದವರನ್ನು ತೋಟದಲ್ಲಿ ಬಿಟ್ಟು ಭಾಷಣ ಕೇಳೋಕೆ ಯಾರು ಬರ್ತಾರೆ?

ಕಾವೇರಿ ಸಂಕ್ರಮಣ ಮುಗಿದ ಮೇಲೆ, ಅಕ್ಟೋಬರ್ ಕೊನೆ ವಾರ ಒಳ್ಳೆಯದು. ಶನಿವಾರ, ಭಾನುವಾರ ಬೇಡ. ಪ್ರವಾಸಿಗರ ಗದ್ದಲ, ಬಾಡಿಗೆಯೂ ಜಾಸ್ತಿ. ದಕ್ಷಿಣ ಕೊಡಗಿನವರೇ ಹೆಚ್ಚಿದ್ದರೆ ಗೋಣಿಕೊಪ್ಪದಲ್ಲೇ ಮಾಡಿ. ಕುಟ್ಟದವರಿಗೆ ಮಡಿಕೇರಿ ಅಂದ್ರೆ ಇಡೀ ದಿನದ ಕೆಲಸ.

ಭಾಷಣಕಾರರನ್ನು ಬೆಂಗಳೂರಿಂದ ಕರೆಸಬೇಡಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಮೆಣಸಿಗೆ ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರ ಇಲ್ಲೇ ಇವೆ. ಅರ್ಧ ಗಂಟೆ ಮಾತು ಸಾಕು, ಉಳಿದದ್ದು ಪ್ರಶ್ನೆಗೆ. ಅರೇಬಿಕಾ ಕಾಫಿ ಬೆಳೆಯುವವರು ಬರೋದಾದರೆ ಬಿಳಿ ಕಾಂಡಕೊರಕ ಹುಳ ಹಿಡಿದ ಗಿಡದ ತುಂಡೊಂದು ಮೇಜಿನ ಮೇಲಿಡಿ. ತೊಗಟೆ ಮೇಲೆ ಎದ್ದಿರುವ ಏಣನ್ನು ಬೆರಳಿಂದ ಸವರಿ ನೋಡಲಿ, ಸೀಳಿ ಒಳಗಿನ ಸುರಂಗ ತೋರಿಸಿ. ಅಕ್ಟೋಬರಿಂದ ಡಿಸೆಂಬರ್‌ವರೆಗೆ ಈ ಹುಳದ ದುಂಬಿ ಹಾರಾಡುವ ಕಾಲ, ಹಾಗಾಗಿ ಕೇಳಿದ್ದು ಮರುದಿನವೇ ತೋಟದಲ್ಲಿ ಕೆಲಸಕ್ಕೆ ಬರುತ್ತದೆ. ಅರ್ಧ ಕಿಲೋ ಒಣಮಣ್ಣು ತನ್ನಿ, ಹುಳಿ ಎಷ್ಟಿದೆ ಅಂತ ಅಲ್ಲೇ ನೋಡಿಕೊಡ್ತೀವಿ ಅನ್ನಿ. ಅದಕ್ಕಾದ್ರೂ ಬರ್ತಾರೆ! ಹುಳಿ ಅಳೆಯುವ ಪಿಎಚ್ ಮೀಟರ್ ಇರುವವರನ್ನು ಮೊದಲೇ ಒಪ್ಪಿಸಿಕೊಳ್ಳಿ.

ಬ್ಯಾಗು, ಶಾಲು, ಸ್ಮರಣಿಕೆ ಎಲ್ಲ ಬಿಡಿ. ಆ ದುಡ್ಡು ಊಟಕ್ಕೆ ಹಾಕಿ. ನೂರು ರೂಪಾಯಿ ಶುಲ್ಕ ಇಡಿ, ಕೊಟ್ಟವರು ಬಂದೇ ಬರ್ತಾರೆ. ವಾಟ್ಸಾಪ್ ಕರೆಯೋಲೆ ಸುಮ್ನೆ. ಊರಿಗೊಬ್ಬರು ಫೋನ್ ಮಾಡಿ ಕರೀಲಿ. ಮೂರೂವರೆಗೆ ಮುಗಿಸಿ, ಬಸ್ಸಿಗೆ ಹೋಗುವವರಿದ್ದಾರೆ.