ಎರೆಮಣ್ಣಿನಲ್ಲಿ ಬಾಟಲ್‌ಬ್ರಷ್

ಪ್ರಶ್ನೆ: ಅಂಗಳದ ಎರೆಮಣ್ಣಿನಲ್ಲಿ ನೆಟ್ಟ ಬಾಟಲ್‌ಬ್ರಷ್ ಗಿಡದ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿವೆ, ಹೂವೂ ಕಡಿಮೆ. ಏನು ಮಾಡಬೇಕು?
– ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಇದು ಕಬ್ಬಿಣಾಂಶದ ಕೊರತೆಯ ಲಕ್ಷಣ. ಪೂರ್ವ ಆಸ್ಟ್ರೇಲಿಯದ ಹೊಳೆದಂಡೆಗಳಲ್ಲಿ, ಹೆಚ್ಚಾಗಿ ತುಸು ಹುಳಿಯಾದ ಮಣ್ಣಿನಲ್ಲಿ ಬೆಳೆಯುವ ಈ ಗಿಡಕ್ಕೆ, ನಿಮ್ಮ ಭಾಗದ ಸುಣ್ಣ ಬೆರೆತ ಎರೆಮಣ್ಣಿನಲ್ಲಿ ಕಬ್ಬಿಣ ಇದ್ದರೂ ಅದು ಬೇರಿಗೆ ದಕ್ಕುವುದಿಲ್ಲ. ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಬುಡಕ್ಕೆ ಹಾಕಿದರೆ ಅಂಥ ಮಣ್ಣಿನಲ್ಲಿ ಬೇಗನೆ ನಿಷ್ಫಲವಾಗುವುದರಿಂದ, ಇಡಿಡಿಎಚ್‌ಎ ರೂಪದ (ಸುಣ್ಣದ ಮಣ್ಣಿನಲ್ಲೂ ಬೇರಿಗೆ ದಕ್ಕುವಂತೆ ಹಿಡಿದಿಡುವ ರಾಸಾಯನಿಕದೊಡನೆ ಬೆಸೆದ) ಕಬ್ಬಿಣವನ್ನು ಪೊಟ್ಟಣದ ಮೇಲಿನ ಪ್ರಮಾಣದಂತೆ ಕೊಡಿ.

ಇನ್ನು ಹೂವಿನ ವಿಚಾರ. ಇದರ ಹೂವಿನಲ್ಲಿ ಕೆಂಪಗೆ ಕಾಣುವುದು ದಳವಲ್ಲ, ಕೇಸರಗಳು. ಅವು ಉದುರಿದ ಮೇಲೆ ಕಡ್ಡಿಯ ತುದಿ ಹೂಗೊಂಚಲನ್ನು ದಾಟಿ ಚಿಗುರುತ್ತದೆ, ಹಿಂದೆ ಗುಂಡಗಿನ ಗಟ್ಟಿ ಕಾಯಿಗಳು ಅಂಟಿಕೊಂಡು ಉಳಿಯುತ್ತವೆ. ಹೂ ಬಾಡಿದ ಕೂಡಲೇ ಗೊಂಚಲಿನ ಸ್ವಲ್ಪ ಹಿಂದಕ್ಕೆ ಕತ್ತರಿಸಿದರೆ ಗಿಡ ಕವಲೊಡೆದು ಮುಂದಿನ ಸಲ ಹೂ ಹೆಚ್ಚುತ್ತದೆ. ನೆರಳಿದ್ದರೆ ಮೊದಲು ಅದನ್ನು ತಪ್ಪಿಸಿ.